ಕ್ಷಮೆ ಸಿಕ್ಕಿದೆ ಅಂತಾರೆ, ನನಗ್ಯಾಕೆ ಹಾಗನ್ನಿಸ್ತಿಲ್ಲ?

ಪ್ರಶ್ನೆ: ನನಗೆ 31 ವರ್ಷ. ಹುಟ್ಟಿದಾಗಿನಿಂದ ಕ್ರೈಸ್ತ ಸಭೆಯಲ್ಲೇ ಬೆಳೆದವನು. ಯೌವನಸ್ಥರ ಕೂಟದ ಖಜಾಂಚಿಯಾಗಿದ್ದೆ, ಆರಾಧನೆಯಲ್ಲಿ ಹಾಡು ನಡೆಸುತ್ತಿದ್ದೆ. ಮೂರು ವರ್ಷದ ಹಿಂದೆ ಆನ್‌ಲೈನ್ ರಮ್ಮಿ ಚಟಕ್ಕೆ ಬಿದ್ದು ಕೂಟದ ಹಣ 60 ಸಾವಿರ ತೆಗೆದೆ. ಭಾನುವಾರ ಶಾಲೆ ಕೋಣೆಗೆ ಶೀಟು ಹೊದಿಸಲು ಕೂಡಿಸಿಟ್ಟ ದುಡ್ಡು ಅದು. ಹೆಂಗಸರು ಹಿಡಿ ಅಕ್ಕಿ ಎತ್ತಿಟ್ಟು, ಮಾರಿ ಕೊಟ್ಟದ್ದೂ ಅದರಲ್ಲಿತ್ತು. ಲೆಕ್ಕ ಕೇಳಿದಾಗ ಸುಳ್ಳು ಹೇಳಿದೆ, ಕೊನೆಗೆ ಸಿಕ್ಕಿಬಿದ್ದೆ. ಒಂದು ವರ್ಷದಲ್ಲಿ ಪೂರ್ತಿ ವಾಪಸ್ ಕಟ್ಟಿದ್ದೇನೆ. ಸಭಾಪಾಲಕ ಅಯ್ಯನವರು ಕ್ಷಮಿಸಿದ್ದೇವೆ ಅಂದರು. ಆದರೂ ದಿನಾ ರಾತ್ರಿ ಅದೇ ಪಾಪಕ್ಕೆ ಕ್ಷಮೆ ಕೇಳುತ್ತೇನೆ. ಕರ್ತನ ಭೋಜನ, ಅಂದರೆ ಆರಾಧನೆಯಲ್ಲಿ ಕೊಡುವ ರೊಟ್ಟಿ ದ್ರಾಕ್ಷಾರಸ, ತೆಗೆದುಕೊಂಡು ಎರಡು ವರ್ಷ ಆಯ್ತು, ಅಯೋಗ್ಯವಾಗಿ ತಿಂದರೆ ದಂಡನೆ ಅಂತ ಬರೆದಿದೆಯಲ್ಲ. ಕೆಲವು ರಾತ್ರಿ ಬದುಕೇ ಬೇಡ ಅನ್ನಿಸುತ್ತದೆ. ನನಗೆ ನಿಜವಾಗಿ ಕ್ಷಮೆ ಸಿಕ್ಕಿದೆಯಾ? ಮತ್ತೆ ಸೇವೆ ಮಾಡಬಹುದಾ? ಈಗ ಮದುವೆ ಮಾತು ನಡೆಯುತ್ತಿದೆ, ಹುಡುಗಿಗೆ ಇದನ್ನೆಲ್ಲ ಹೇಳಬೇಕಾ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಅದಕ್ಕೂ ಮೊದಲು, ಪ್ರಶ್ನೆಯಲ್ಲದ ಒಂದು ಸಾಲಿಗೆ ಬರುತ್ತೇನೆ. ಬದುಕೇ ಬೇಡ ಅನ್ನಿಸುತ್ತದೆ ಅಂತ ನಡುವೆ ಎಲ್ಲೋ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಅಂಥ ರಾತ್ರಿ ಒಬ್ಬರೇ ಮೊಣಕಾಲೂರಿ ಕೂತಿರಬೇಡಿ. ಮನೆಯಲ್ಲಿ ಯಾರಿದ್ದಾರೋ ಅವರನ್ನು ಎಬ್ಬಿಸಿ. ಎಬ್ಬಿಸಲು ಯಾರೂ ಇಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ನಂಬಿಕೆ ಕಡಿಮೆಯಾದವರಿಗೇ ಹೀಗನ್ನಿಸುವುದು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಎಲೀಯನಂಥ ಪ್ರವಾದಿಯೇ ಜಾಲಿಗಿಡದ ಕೆಳಗೆ ಕೂತು ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು ಅಂದಿದ್ದ. ದೇವದೂತ ಬಂದು ಅವನಿಗೆ ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಇಟ್ಟು ಎಬ್ಬಿಸಿದ. ಎಲೀಯ ತಿಂದ, ಕುಡಿದ, ಮತ್ತೆ ಮಲಗಿದ. ದೂತ ಇನ್ನೊಂದು ಸಲ ಎಬ್ಬಿಸಿ ಇನ್ನೊಂದು ಸಲ ತಿನ್ನಿಸಿದ. ಮಾತುಕತೆ ಎಲ್ಲ ಆಮೇಲೆ.

ರಮ್ಮಿ ಪೂರ್ತಿ ಬಿಟ್ಟಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಬಿಟ್ಟಿಲ್ಲ ಅಂದರೆ, ಅಥವಾ ಬಿಟ್ಟೂ ಕೈ ತುರಿಸುತ್ತದೆ ಅಂದರೆ, ಅದಕ್ಕೆ ವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮಿಂಗ್ ಚಟಕ್ಕೆಂದೇ 2014ರಲ್ಲಿ ಒಂದು ಕ್ಲಿನಿಕ್ ಶುರುವಾಯಿತು. ಸಕ್ಕರೆ ಕಾಯಿಲೆಗೆ ಪ್ರಾರ್ಥನೆಯನ್ನೂ ಮಾಡುತ್ತೇವೆ, ಮಾತ್ರೆಯನ್ನೂ ನುಂಗುತ್ತೇವೆ ಅಲ್ವಾ? ಇದೂ ಹಾಗೇ.

ಈಗ ಮೊದಲನೇ ಪ್ರಶ್ನೆ. ದಿನಾ ರಾತ್ರಿ ಕೇಳುತ್ತೇನೆ ಅಂದಿರಿ. ಎರಡು ವರ್ಷ ಅಂತಲೇ ಇಟ್ಟುಕೊಂಡರೂ ಏಳುನೂರಕ್ಕಿಂತ ಜಾಸ್ತಿ ಸಲ ಆಯಿತು. ಸಾಲ ಮನ್ನಾ ಆಗಿದೆ ಅಂತ ಸೊಸೈಟಿಯವರು ಹೇಳಿದ ಮೇಲೂ ದಿನಾ ಬೆಳಗ್ಗೆ ಹೋಗಿ, ಸ್ವಾಮಿ ನನ್ನ ಸಾಲ ಮನ್ನಾ ಮಾಡಿ ಅಂತ ಅದೇ ಕಿಟಕಿ ಮುಂದೆ ನಿಂತ ರೈತನನ್ನು ನೆನೆಸಿಕೊಳ್ಳಿ. ಅವನಿಗೆ ಕೊರತೆ ಇರುವುದು ಮನ್ನಾದಲ್ಲಿ ಅಲ್ಲ. ಹೇಳಿದವರ ಮಾತಿನ ಮೇಲೆ ಅವನಿಗೆ ನಂಬಿಕೆ ಕೂತಿಲ್ಲ. ಯೋಹಾನನ ಮೊದಲ ಪತ್ರದ ಒಂದನೇ ಅಧ್ಯಾಯದ 9ನೇ ವಚನ ನಿಮಗೆ ಬಾಯಿಪಾಠ ಇರುತ್ತದೆ, ಭಾನುವಾರ ಶಾಲೆಯಲ್ಲಿ ಕಲಿತಿರುತ್ತೀರಿ. ಪಾಪವನ್ನು ಅರಿಕೆ ಮಾಡಿದರೆ ದೇವರು ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ಕ್ಷಮಿಸುತ್ತಾನೆ ಅಂತ ಅಲ್ಲಿದೆ. ಎದೆ ಹಗುರ ಆದರೆ ಅಂತ ಬರೆದಿಲ್ಲ. ಕಣ್ಣೀರು ಇಷ್ಟು ಬಂದರೆ ಅಂತಲೂ ಇಲ್ಲ. ಅಲ್ಲಿ ಎಲ್ಲ ಭಾರ ಅವನ ಗುಣದ ಮೇಲೆ ನಿಂತಿದೆ, ನಿಮ್ಮ ಅನಿಸಿಕೆಯ ಮೇಲೆ ಅಲ್ಲ.

ಅನಿಸಿಕೆ ಹಿಂದೆ ಬರುತ್ತದೆ, ಕೆಲವು ಸಲ ತುಂಬ ಹಿಂದೆ. ದಾವೀದನನ್ನೇ ನೋಡಿ. ಬೇರೊಬ್ಬನ ಹೆಂಡತಿ ಬತ್ಷೆಬೆಯ ವಿಷಯದಲ್ಲಿ ಪ್ರವಾದಿ ನಾತಾನ ಬಂದು ಮುಖಕ್ಕೆ ಹೇಳಿದಾಗ ಅವನು ಪಾಪ ಮಾಡಿದ್ದೇನೆ ಅಂದ. ಅದೇ ವಚನದಲ್ಲಿ, ಅಂದರೆ ಎರಡನೇ ಸಮುವೇಲದ 12ನೇ ಅಧ್ಯಾಯದ 13ನೇ ವಚನದಲ್ಲಿ, ಕರ್ತನು ನಿನ್ನ ಪಾಪ ತೆಗೆದುಹಾಕಿದ್ದಾನೆ ಅಂತ ನಾತಾನ ಹೇಳಿಬಿಟ್ಟ. ಒಂದು ಉಸಿರಿನಷ್ಟು ಹೊತ್ತು. ಆದರೆ 51ನೇ ಕೀರ್ತನೆಗೆ ಬನ್ನಿ, ಅದರ ತಲೆಬರಹದಲ್ಲೇ ನಾತಾನ ಬಂದ ಸಂದರ್ಭ ಅಂತ ಇದೆ. ಅಲ್ಲಿ ದಾವೀದ ಇನ್ನೂ ಬೇಡುತ್ತಲೇ ಇದ್ದಾನೆ: ರಕ್ಷಣೆಯ ಸಂತೋಷವನ್ನು ನನಗೆ ವಾಪಸ್ ಕೊಡು. ಕ್ಷಮೆಯ ಮಾತು ಕಿವಿಗೆ ಬಿದ್ದಾಗಿತ್ತು, ಸಂತೋಷ ಇನ್ನೂ ಬಂದಿರಲಿಲ್ಲ. ನೀವೂ ಅಲ್ಲೇ ಇದ್ದೀರಿ ಅಂತ ನನಗೆ ಅನ್ನಿಸುತ್ತದೆ. ಆದ್ದರಿಂದ ಇವತ್ತಿನಿಂದ ರಾತ್ರಿ ಪ್ರಾರ್ಥನೆಯನ್ನು ಸ್ವಲ್ಪ ಬದಲಾಯಿಸಿ. ಕ್ಷಮಿಸು ಅಂತ ಕೇಳುವುದು ಬೇಡ. ಕ್ಷಮಿಸಿದ್ದಕ್ಕೆ ವಂದನೆ, ಸಂತೋಷ ಮಾತ್ರ ಇನ್ನೂ ಬಂದಿಲ್ಲ, ಅದನ್ನೂ ಕೊಡು ಅನ್ನಿ. ಮೊದಮೊದಲು ಬಾಯಿಗೆ ಕಹಿಯಾಗುತ್ತದೆ. ಹೇಳಿ.

ಇನ್ನು ಪೇತ್ರ, ಯೇಸುಸ್ವಾಮಿಯನ್ನು ಹಿಡಿದ ರಾತ್ರಿ ಅವರನ್ನು ಗೊತ್ತೇ ಇಲ್ಲ ಅಂತ ಕೋಳಿ ಕೂಗುವ ಮೊದಲು ಮೂರು ಸಲ ಅಂದ ಶಿಷ್ಯ. ಬಿದ್ದವರಿಗೆಲ್ಲ ಪೇತ್ರನ ಕಥೆ ಹೇಳುವುದು ನಮ್ಮಲ್ಲಿ ರೂಢಿ, ನೀವೂ ಕೇಳಿ ಕೇಳಿ ಸಾಕಾಗಿರಬಹುದು. ಆದರೂ ಒಂದು ಸಣ್ಣ ಸಂಗತಿಗಾಗಿ ಮತ್ತೆ ಓದೋಣ. ಮಹಾಯಾಜಕನ ಅಂಗಳದಲ್ಲಿ ಆಳುಗಳು ಚಳಿ ಅಂತ ಬೆಂಕಿ ಹಾಕಿದ್ದರು. ಪೇತ್ರ ಅದರ ಹತ್ತಿರ ನಿಂತು ಕೈ ಕಾಯಿಸಿಕೊಳ್ಳುತ್ತಿದ್ದ. ಯೋಹಾನ ಅಲ್ಲಿ ಸುಮ್ನೆ ಬೆಂಕಿ ಅನ್ನದೆ ಇದ್ದಿಲ ಬೆಂಕಿ ಅಂತ ಬರೆಯುತ್ತಾನೆ. ಆ ಗ್ರೀಕ್ ಪದ ಅಂತ್ರಾಕಿಯಾ. ಇಡೀ ಹೊಸ ಒಡಂಬಡಿಕೆಯಲ್ಲಿ ಆ ಪದ ಎರಡೇ ಕಡೆ ಬರುತ್ತದೆ. ಒಂದು ಆ ಅಂಗಳದಲ್ಲಿ, ಯೋಹಾನ 18ರಲ್ಲಿ. ಇನ್ನೊಂದು ತಿಬೇರಿಯ ಸಮುದ್ರದ ದಡದಲ್ಲಿ, ಯೋಹಾನ 21ರಲ್ಲಿ, ಯೇಸುಸ್ವಾಮಿ ಎದ್ದು ಬಂದ ಮೇಲೆ.

ಆ ಬೆಳಗ್ಗೆಯನ್ನು ಕಣ್ಮುಂದೆ ತಂದುಕೊಳ್ಳಿ. ರಾತ್ರಿಯಿಡೀ ಒಂದು ಮೀನೂ ಸಿಕ್ಕಿಲ್ಲ. ದಡದಿಂದ ಯಾರೋ ಬಲಗಡೆ ಬಲೆ ಬೀಸಿ ಅಂತ ಕೂಗಿದರು. ಬೀಸಿದರೆ 153 ದೊಡ್ಡ ಮೀನು. ಅದು ಕರ್ತನೇ ಅಂತ ಪಕ್ಕದವನು ಅಂದದ್ದೇ ತಡ, ಪೇತ್ರ ಮೇಲಂಗಿ ಸುತ್ತಿಕೊಂಡು ನೀರಿಗೆ ಹಾರಿದ. ದಡ ಇನ್ನೂರು ಮೊಳ ದೂರ, ಅಂದರೆ ಸುಮಾರು 90 ಮೀಟರ್. ಒದ್ದೆ ಬಟ್ಟೆಯಲ್ಲಿ ಮೇಲೆ ಬಂದು ನೋಡಿದರೆ ಮುಂದೆ ಅದೇ ಇದ್ದಿಲ ಬೆಂಕಿ. ಇದ್ದಿಲ ಹೊಗೆಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತು, ಬಟ್ಟೆಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ. ಪೇತ್ರನ ಮೂಗಿಗೆ ಆ ಅಂಗಳ, ಆ ಕೆಲಸದ ಹುಡುಗಿ, ಆ ಕೋಳಿ ಎಲ್ಲ ಬಂದಿರಬೇಕು. ಇದು ನನ್ನ ಊಹೆ, ಯೋಹಾನ ಹಾಗಂತ ಬರೆದಿಲ್ಲ. ಬರೆದಿರುವುದು ಇಷ್ಟು: ಬೆಂಕಿಯ ಮೇಲೆ ಮೀನಿತ್ತು, ರೊಟ್ಟಿಯಿತ್ತು, ಬನ್ನಿ ಊಟ ಮಾಡಿ ಅಂತ ಯೇಸುಸ್ವಾಮಿ ಕರೆದರು.

ಪ್ರಶ್ನೆ ಶುರುವಾಗುವುದು 15ನೇ ವಚನದಲ್ಲಿ, ಅವರು ಊಟ ಮಾಡಿದ ಮೇಲೆ ಅಂತ. ಮೊದಲು ಹೊಟ್ಟೆ ತುಂಬಿಸಿದರು, ಆಮೇಲೆ ಮಾತು. ನಾವು ಸಭೆಗಳಲ್ಲಿ ಮಾಡುವುದು ಇದರ ಉಲ್ಟಾ. ಮೊದಲು ವಿಚಾರಣೆ, ಆಮೇಲೆ ಸಮಿತಿ, ಆಮೇಲೆ ಮೂರು ತಿಂಗಳು ಹಿಂದಿನ ಬೆಂಚು, ಕೊನೆಗೆ ಯಾರಾದರೂ ಮನಸ್ಸು ಮಾಡಿದರೆ ಒಂದು ಲೋಟ ಟೀ.

ನೀನು ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳಿದರು. ಇಲ್ಲಿ ಬೋಧಕರು ಎರಡು ಗ್ರೀಕ್ ಪದ ಹಿಡಿದು, ಒಂದು ದೈವಿಕ ಪ್ರೀತಿ, ಇನ್ನೊಂದು ಸ್ನೇಹದ ಪ್ರೀತಿ ಅಂತ ಮುಕ್ಕಾಲು ಗಂಟೆ ಪ್ರಸಂಗ ಮಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ತಂದೆ ಮಗನನ್ನು ಪ್ರೀತಿಸುತ್ತಾನೆ ಅನ್ನುವುದಕ್ಕೆ ಇದೇ ಯೋಹಾನ 3ನೇ ಅಧ್ಯಾಯದಲ್ಲಿ ಒಂದು ಪದ, 5ನೇ ಅಧ್ಯಾಯದಲ್ಲಿ ಇನ್ನೊಂದು ಪದ ಹಾಕಿದ್ದಾನೆ. ಪೇತ್ರನಿಗೆ ನೋವಾದದ್ದು ಮೂರನೇ ಸಲವೂ ಕೇಳಿದ್ದಕ್ಕೆ, ಅದನ್ನು ವಚನವೇ ಹೇಳುತ್ತದೆ. ನನ್ನ ಗಮನ ಇರುವುದು ಯೇಸುಸ್ವಾಮಿ ಏನು ಕೇಳಲಿಲ್ಲ ಅನ್ನುವುದರ ಮೇಲೆ. ಇನ್ನೊಂದು ಸಲ ಹೀಗೆ ಮಾಡುವುದಿಲ್ಲ ಅಂತ ಆಣೆ ಹಾಕು ಅಂತ ಕೇಳಲಿಲ್ಲ. ಯಾಕೆ ಹಾಗೆ ಮಾಡಿದೆ ಅಂತ ಕೇಳಲಿಲ್ಲ. ಆಣೆ ಪ್ರಮಾಣ ಪೇತ್ರ ಮೊದಲೇ ಮಾಡಿ ಆಗಿತ್ತು, ಎಲ್ಲರೂ ಬಿಟ್ಟುಹೋದರೂ ನಾನು ಬಿಡುವುದಿಲ್ಲ ಅಂದಿದ್ದ, ಅದು ಕೋಳಿ ಕೂಗುವವರೆಗೂ ಬಾಳಲಿಲ್ಲ. ಒಂದೊಂದು ಉತ್ತರಕ್ಕೂ ಒಂದೊಂದು ಕೆಲಸ ಕೊಟ್ಟರು: ನನ್ನ ಕುರಿಮರಿಗಳನ್ನು ಮೇಯಿಸು, ನನ್ನ ಕುರಿಗಳನ್ನು ಕಾಯಿ, ನನ್ನ ಕುರಿಗಳನ್ನು ಮೇಯಿಸು. ನಿಮ್ಮ ರಾತ್ರಿ ಪ್ರಾರ್ಥನೆಯಲ್ಲಿ ಇನ್ನು ಯಾವತ್ತೂ ಮಾಡುವುದಿಲ್ಲ ಸ್ವಾಮಿ ಅನ್ನುವ ಸಾಲು ಇದ್ದರೆ ಅದನ್ನೂ ಬಿಟ್ಟುಬಿಡಿ. ಆ ಸಾಲಿಗೆ ಬಲ ಇಲ್ಲ.

ಇಲ್ಲೇ ಯೂದನ ವಿಷಯವೂ ಬರುತ್ತದೆ. ನಿಮಗೆ ಒಳಗೊಳಗೆ ನಾನು ಯೂದನೇ ಇರಬಹುದು ಅನ್ನುವ ಭಯ ಇದೆ, ಯೇಸುಸ್ವಾಮಿಯನ್ನು ಹಣಕ್ಕೆ ಹಿಡಿದುಕೊಟ್ಟ ಶಿಷ್ಯ ಅವನು, ಶಿಷ್ಯರ ದುಡ್ಡಿನ ಚೀಲ ಇದ್ದದ್ದೂ ಅವನ ಕೈಯಲ್ಲೇ. ಮತ್ತಾಯ 27 ಓದಿ. ಯೂದ ತಪ್ಪು ಒಪ್ಪಿಕೊಂಡ. 30 ಬೆಳ್ಳಿ ನಾಣ್ಯ ಪೂರ್ತಿ ವಾಪಸ್ ಕೊಟ್ಟ. ಆದರೆ ಹೋದದ್ದು ಯಾರ ಹತ್ತಿರ? ಆ ಹಣ ಕೊಟ್ಟ ಯಾಜಕರ ಹತ್ತಿರವೇ. ಅದು ನಮಗೇನು, ನೀನೇ ನೋಡಿಕೋ ಅಂದರು. ಅಷ್ಟಕ್ಕೇ ಅವನ ಕಥೆ ಮುಗಿಯಿತು. ಪೇತ್ರ ಅವನಿಗಿಂತ ಒಳ್ಳೆಯವನೇನಲ್ಲ. ಒಂದೇ ವ್ಯತ್ಯಾಸ ನನಗೆ ಕಾಣುವುದು, ಅತ್ತು ಬಂದ ಮೇಲೂ ಅವನು ಉಳಿದವರ ಜೊತೆಯಲ್ಲೇ ಇದ್ದ. ಯೇಸುಸ್ವಾಮಿಯ ಸಮಾಧಿಗೆ ಓಡಿದಾಗ ಪಕ್ಕದಲ್ಲಿ ಒಬ್ಬನಿದ್ದ. ಮೀನು ಹಿಡಿಯಲು ಹೊರಟಾಗ ಆರು ಜನ ನಾವೂ ಬರ್ತೀವಿ ಅಂದರು. ಒಬ್ಬನೇ ಇದ್ದಿದ್ದರೆ ಅದು ಕರ್ತನು ಅಂತ ಅವನಿಗೆ ಯಾರು ಹೇಳುತ್ತಿದ್ದರು?

ಈಗ ನನ್ನದೊಂದು. ಮೂವತ್ತು ವರ್ಷಕ್ಕೂ ಮೇಲೆ ಸಭಾಪಾಲಕನಾಗಿದ್ದೆ, ಈಗ ನಿವೃತ್ತ. ಮೊದಲ ಸಭೆ ಮಲೆನಾಡಿನಲ್ಲಿ, ಕಾಫಿ ತೋಟಗಳ ನಡುವೆ. ಒಂದು ಜುಲೈ ರಾತ್ರಿ ತೋಟದ ಲೈನ್ ಮನೆಯಿಂದ ಒಬ್ಬ ಹುಡುಗ ಗೊರಬೆ ಹಾಕಿಕೊಂಡು ಬಂದ. ಅಜ್ಜನಿಗೆ ಜಾಸ್ತಿಯಾಗಿದೆ, ಕರ್ತನ ಭೋಜನ ಬೇಕಂತೆ, ಈಗಲೇ ಬನ್ನಿ ಅಂದ. ಮಳೆ ಹೊಡೀತಿತ್ತು, ಕರೆಂಟಿಲ್ಲ, ನಾಲ್ಕು ಮೈಲಿ ದಾರಿ, ಜಿಗಣೆ ಬೇರೆ. ಬೆಳಗ್ಗೆ ಬರ್ತೇನೆ ಅಂತ ಹೇಳಪ್ಪ ಅಂದೆ. ಬೆಳಗ್ಗೆ ಏಳಕ್ಕೆ ಹೋದೆ. ಅಂಗಳದಲ್ಲಿ ಬೆಂಚು ಹಾಕಿದ್ದರು. ನೋಡಿದ ಕೂಡಲೇ ಗೊತ್ತಾಯ್ತು.

ಬಹಳ ವರ್ಷದ ಮೇಲೆ ಓದಿದೆ, 325ರಲ್ಲಿ ಬಿಷಪರು ಸೇರಿದ್ದ ನಿಕೇಯ ಸಭೆಯ 13ನೇ ನಿಯಮ ಅಂತ ಒಂದಿದೆ. ಸಾಯುವ ಹೊತ್ತಿನಲ್ಲಿರುವವನಿಗೆ, ಅವನು ಎಷ್ಟೇ ದೊಡ್ಡ ತಪ್ಪಿಗೆ ದಂಡನೆಯಲ್ಲಿದ್ದರೂ, ಆ ಕೊನೆಯ ದಾರಿಬುತ್ತಿಯನ್ನು ತಪ್ಪಿಸಬಾರದು ಅಂತ. ಏನೂ ತಪ್ಪು ಮಾಡದ ಮುದುಕನಿಗೆ ನಾನು ಅದನ್ನು ತಪ್ಪಿಸಿದ್ದೆ, ಮಳೆ ಅಂತ.

ಅವರ ಹೆಂಡತಿ ಒಲೆ ಮುಂದೆ ಕೂತಿದ್ದರು. ನಾನು ಏನೇನೋ ಹೇಳಲು ಹೋದೆ, ತಪ್ಪಾಯ್ತು ಅಮ್ಮ ಅಂದೆ, ಮಳೆಯ ಮಾತು ಎತ್ತಿದೆ, ಮತ್ತೆ ತಪ್ಪಾಯ್ತು ಅಂದೆ. ಅವರು ಎದ್ದು ಬೆಲ್ಲದ ಕಾಫಿ ಲೋಟಕ್ಕೆ ಬಗ್ಗಿಸಿ ಕೈಗೆ ಕೊಟ್ಟರು. ಲೋಟ ಹಿಡಿದುಕೊಂಡು ನಿಂತೆ, ಗಂಟಲಲ್ಲಿ ಇಳಿಯುವ ಹಾಗಿರಲಿಲ್ಲ. ಅವರು ಕದಲಲಿಲ್ಲ. "ಕುಡೀರಿ ಅಯ್ಯನೋರೆ, ಆರಿ ಹೋಗ್ತದೆ" ಅಂದರು. ನಾನು ಕುಡಿದು ಮುಗಿಸುವವರೆಗೂ ಅಲ್ಲೇ ನಿಂತಿದ್ದು, ಖಾಲಿ ಲೋಟ ತೆಗೆದುಕೊಂಡು, ಮಣ್ಣಿಗೆ ಮೂರು ಗಂಟೆಗೆ ಆಗಬಹುದಾ, ನೀವೇ ಪ್ರಾರ್ಥನೆ ಮಾಡಬೇಕು ಅಂದರು.

ಕ್ಷಮಿಸಿದ್ದೇನೆ ಅನ್ನುವ ಮಾತು ಅವರ ಬಾಯಿಂದ ಬರಲೇ ಇಲ್ಲ. ನನಗೂ ಅದು ಕ್ಷಮೆ ಅಂತ ಹೊಳೆಯಲು ವರ್ಷಗಳೇ ಬೇಕಾದವು.

ನೀವು ಕರ್ತನ ಭೋಜನದಿಂದ ದೂರ ಇರುವುದಕ್ಕೆ ಕೊಟ್ಟ ಕಾರಣ ಒಂದನೇ ಕೊರಿಂಥದ 11ನೇ ಅಧ್ಯಾಯ. ನಮ್ಮ ಸಭೆಗಳಲ್ಲಿ ಎಷ್ಟೋ ಜನ ಈ ವಚನಕ್ಕೆ ಹೆದರಿ, ಭೋಜನದ ಭಾನುವಾರ ಬಂತು ಅಂದರೆ ಪ್ರಸಂಗ ಮುಗಿಯುತ್ತಲೇ ಮೆಲ್ಲಗೆ ಎದ್ದು ಹೋಗುತ್ತಾರೆ. ಆ ಪತ್ರ ಬರೆದ ಪೌಲ ಯಾರನ್ನು ಬೈಯುತ್ತಿದ್ದಾನೆ ನೋಡಿ. ಕೊರಿಂಥದಲ್ಲಿ ಅನುಕೂಲಸ್ಥರು ಬೇಗ ಬಂದು ತಿಂದು ಕುಡಿದು ಅಮಲೇರಿಸಿಕೊಳ್ಳುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಹಾಗೆ ತಿನ್ನುವುದಕ್ಕೆ ಅವನು ಅಯೋಗ್ಯವಾಗಿ ಅಂದದ್ದು. ಅದು ತಿನ್ನುವ ರೀತಿಯ ಮಾತು, ತಿನ್ನುವವನ ಯೋಗ್ಯತೆಯ ಮಾತಲ್ಲ. ಯೋಗ್ಯತೆ ನೋಡಿದರೆ ಆ ಮೇಜಿಗೆ ಯಾರೂ ಹೋಗುವ ಹಾಗಿಲ್ಲ, ಬಡಿಸುವವನೂ ಸೇರಿ. ಇನ್ನೊಂದು, 28ನೇ ವಚನ ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಅನ್ನುತ್ತದೆ, ಪರೀಕ್ಷಿಸಿಕೊಂಡು ಮನೆಗೆ ಹೋಗಲಿ ಅನ್ನುವುದಿಲ್ಲ. ಅಲ್ಲದೆ ಪೇತ್ರ ಕರ್ತನ ಭೋಜನದ ರೊಟ್ಟಿ ಮೊದಲ ಸಲ ತಿಂದದ್ದು ಯಾವಾಗ? ಯೇಸುಸ್ವಾಮಿಯನ್ನು ಗೊತ್ತೇ ಇಲ್ಲ ಅನ್ನುವುದಕ್ಕೆ ಕೆಲವೇ ಗಂಟೆ ಮೊದಲು. ಕೊಟ್ಟವರಿಗೆ ಅದು ಗೊತ್ತಿತ್ತು, ಗೊತ್ತಿದ್ದೇ ಕೊಟ್ಟರು.

ಎರಡು ವರ್ಷ ಸಾಕು. ಹೋಗಿ ಕೈ ಚಾಚಿ.

ಅಯ್ಯನವರ ಹತ್ತಿರ ಒಂದು ಸಲ ಬಾಯಿಬಿಟ್ಟು ಪೂರ್ತಿ ಹೇಳಿದ್ದೀರಾ? ಸಿಕ್ಕಿಬಿದ್ದಾಗ ಹೌದು ಅಂತ ತಲೆ ಆಡಿಸುವುದು ಬೇರೆ, ತಾನಾಗಿ ಕೂತು ಮೊದಲಿಂದ ಹೇಳುವುದು ಬೇರೆ. ಕಥೋಲಿಕರಲ್ಲಿ ಪಾಪನಿವೇದನೆ ಅಂತ ಒಂದು ಸಂಸ್ಕಾರವೇ ಇದೆ. ಅಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವ ಹಾಗಿಲ್ಲ, ಕೊನೆಗೆ ಇನ್ನೊಬ್ಬ ಮನುಷ್ಯನ ದನಿಯಲ್ಲಿ ನಿನ್ನ ಪಾಪಗಳಿಗೆ ಕ್ಷಮೆಯಿದೆ ಅನ್ನುವ ಮಾತು ಕಿವಿಗೆ ಬೀಳುತ್ತದೆ. ನಾವು ಪ್ರೊಟೆಸ್ಟಂಟರು ದೇವರಿಗೆ ನೇರವಾಗಿ ಹೇಳಿದರೆ ಸಾಕು ಅಂತ ಆ ದನಿಯನ್ನು ಕಳೆದುಕೊಂಡಿದ್ದೇವೆ ಅಂತ ನನಗೆ ವಯಸ್ಸಾದ ಮೇಲೆ ಅನ್ನಿಸಿದೆ. ಸಾಕು ಅನ್ನುವುದು ನಿಜ. ಆದರೆ ಒಬ್ಬರಿಗೊಬ್ಬರು ಅರಿಕೆ ಮಾಡಿ ಅಂತ ಯಾಕೋಬ ಬರೆದದ್ದೂ ನಿಜ. ತನ್ನ ದನಿಯೊಂದನ್ನೇ ಕೇಳುತ್ತಾ ಕೂತವನಿಗೆ ರಾತ್ರಿ ಉದ್ದವಾಗುತ್ತದೆ.

ಹಣ ಕಟ್ಟಿದ್ದೀರಿ, ಒಳ್ಳೆಯದು. ಆದರೆ ಯಾರಿಗೆ ಏನು ತಪ್ಪಿತು ಅಂತ ನೋಡಿದ್ದೀರಾ? ಯಾಜಕಕಾಂಡ 6ರಲ್ಲಿ ಒಂದು ಪದ್ಧತಿ ಇದೆ. ಮೋಸದಿಂದ ತೆಗೆದದ್ದನ್ನು ಪೂರ್ತಿ ಕೊಡಬೇಕು, ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು, ಅದೂ ಕಳೆದುಕೊಂಡವನ ಕೈಗೇ. ದೇವರಿಗೆ ಕಾಣಿಕೆ ಅದರ ನಂತರ. ನಿಮ್ಮ ಲೆಕ್ಕಕ್ಕೆ ಆ ಪಾಲು 12 ಸಾವಿರ ಆಗುತ್ತದೆ. ಕೊಟ್ಟೇ ತೀರಬೇಕು ಅಂತ ನಾನು ಹೇಳುವುದಿಲ್ಲ, ಅದರಿಂದ ಕ್ಷಮೆ ಕೊಂಡುಕೊಳ್ಳಲು ಆಗುವುದೂ ಇಲ್ಲ. ಸುಂಕದವನಾದ ಜಕ್ಕಾಯ ಮೋಸದಿಂದ ತೆಗೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದದ್ದು ಯೇಸುಸ್ವಾಮಿ ಅವನ ಮನೆಗೆ ಬಂದ ಮೇಲೆ, ಬರಲಿ ಅಂತ ಅಲ್ಲ. ನಾನು ಕೇಳುತ್ತಿರುವುದು ಇಷ್ಟೇ, ಆ ಕೋಣೆಗೆ ಶೀಟು ಬೀಳಲು ನಿಮ್ಮಿಂದ ಒಂದು ವರ್ಷ ತಡವಾಯಿತು, ಆ ಮಳೆಗಾಲದಲ್ಲಿ ಮಕ್ಕಳು ಎಲ್ಲಿ ಕೂತಿದ್ದರು? ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಡಬ್ಬಿಗೆ ಹಾಕುತ್ತಿದ್ದ ಹೆಂಗಸರಲ್ಲಿ ಒಬ್ಬೊಬ್ಬರ ಮನೆಯಲ್ಲಿ ತಿಂಗಳ ಕೊನೆಗೆ ಆ ಹಿಡಿಯೂ ಲೆಕ್ಕಕ್ಕೆ ಬರುತ್ತದೆ. ಸಮಿತಿಯ ಮುಂದೆ ಕ್ಷಮೆ ಕೇಳಿದ್ದೀರಿ. ಇವರ ಮುಂದೆ ಕೇಳಿದ್ದೀರಾ? ಕೇಳಿಲ್ಲದಿದ್ದರೆ ಹೆಂಗಸರ ಕೂಟದ ದಿನ, ಅವರ ಅಪ್ಪಣೆ ಕೇಳಿ, ಐದು ನಿಮಿಷ ಹೋಗಿ ಬನ್ನಿ. ವಿವರಣೆ ಬೇಡ, ಚಟದ ಕಥೆ ಬೇಡ. ತೆಗೆದೆ, ಸುಳ್ಳು ಹೇಳಿದೆ, ತಪ್ಪಾಯಿತು. ಅವರಲ್ಲಿ ಒಬ್ಬರು ಮುಖ ತಿರುಗಿಸಬಹುದು. ಅದು ಅವರ ಹಕ್ಕು. ಎಲ್ಲರೂ ಒಂದೇ ದಿನ ಕ್ಷಮಿಸಬೇಕು ಅಂತ ನೀವು ಕಾಯುವ ಹಾಗಿಲ್ಲ.

ಸೇವೆಯ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಅರ್ಧ ಹಿಡಿಸುತ್ತದೆ, ಅರ್ಧ ಹಿಡಿಸುವುದಿಲ್ಲ. ಹಾಡಿ, ಪಾಠ ಹೇಳಿ, ಮಕ್ಕಳ ಜೊತೆ ಕೂರಿ, ಆದರೆ ದುಡ್ಡಿನ ಡಬ್ಬಿ ಕೇಳಬೇಡಿ. ಕೊಟ್ಟರೂ ಬೇಡ ಅನ್ನಿ. ಕ್ಷಮೆ ಕಡಿಮೆ ಅಂತ ಅಲ್ಲ. ಕುಡಿತ ಬಿಟ್ಟವನಿಗೆ ನಾವು ಬಾರ್ ನೋಡಿಕೊಳ್ಳುವ ಕೆಲಸ ಕೊಡುತ್ತೇವಾ? ನಿಮ್ಮ ಸಭೆಯಲ್ಲಿ ಒಬ್ಬ ಹುಡುಗನ ಕೈಯಲ್ಲಿ ಬೀಗ, ಲೆಕ್ಕ, ಹಣ ಮೂರನ್ನೂ ಕೊಟ್ಟು ಸುಮ್ಮನಿದ್ದದ್ದು ದೊಡ್ಡವರ ತಪ್ಪೂ ಹೌದು. ಪೌಲನಂಥವನೇ ಯೆರೂಸಲೇಮಿಗೆ ಕಾಣಿಕೆ ಹಣ ಒಯ್ಯುವಾಗ ಯಾರೂ ಬೆರಳು ತೋರಿಸಬಾರದು ಅಂತ ಜೊತೆಗೆ ಜನ ಕರೆದುಕೊಂಡ, ಎರಡನೇ ಕೊರಿಂಥ 8ರಲ್ಲಿ ಅದು ಇದೆ. ಇಬ್ಬರು ಎಣಿಸಿ ಇಬ್ಬರು ಸಹಿ ಹಾಕುವ ಪದ್ಧತಿ ಯಾರ ಮೇಲಿನ ಅನುಮಾನಕ್ಕೂ ಅಲ್ಲ.

ಇನ್ನೊಂದು ಮಾತು, ಇದು ನಿಮಗಲ್ಲ. ಸಭೆಯ ಹೆಣ್ಣುಮಕ್ಕಳ ಮೇಲೆ, ಮಕ್ಕಳ ಮೇಲೆ ಕೈ ಹಾಕಿದ ಸೇವಕರು ಮೂರು ತಿಂಗಳು ಕಾಣೆಯಾಗಿ, ದೇವರು ನನ್ನನ್ನು ಎತ್ತಿ ನಿಲ್ಲಿಸಿದ ಅಂತ ಮತ್ತೆ ಮೈಕು ಹಿಡಿಯುವುದಕ್ಕೆ ಪೇತ್ರನ ಕಥೆಯನ್ನು ಬಳಸುತ್ತಾರೆ. ಅಂಥವರಿಗೆ ಮೊದಲು ಪೊಲೀಸ್ ಠಾಣೆ. ಕ್ಷಮೆ ಸಿಗಬಹುದು, ಮೈಕು ಸಿಗಬಾರದು.

ಎಷ್ಟು ದಿನ ಕಾಯಬೇಕು ಅನ್ನುವುದಕ್ಕೆ ಸಭೆಯ ಇತಿಹಾಸದಲ್ಲೇ ದೊಡ್ಡ ಜಗಳ ಆಗಿದೆ. ಕ್ರಿಸ್ತಶಕ 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಕೊಟ್ಟು ಚೀಟಿ ಪಡೆಯಬೇಕು ಅಂದ. ಹೆದರಿ ಬಲಿ ಕೊಟ್ಟ ಕ್ರೈಸ್ತರು ತುಂಬ ಜನ, ಲಂಚ ಕೊಟ್ಟು ಬರೀ ಚೀಟಿ ಮಾಡಿಸಿಕೊಂಡವರೂ ಇದ್ದರು. ಬಲಿ ಕೊಟ್ಟೆ ಅಂತ ಬರೆದ ಆ ಚೀಟಿಗಳು ನಲವತ್ತಕ್ಕೂ ಹೆಚ್ಚು ಈಜಿಪ್ಟಿನಲ್ಲಿ ಸಿಕ್ಕಿವೆ. ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ಬಾಗಿಲಿಗೆ ಬಂದು ನಿಂತರು. ರೋಮಿನಲ್ಲಿ ನೊವಾತಿಯನ್ ಇವರನ್ನು ಒಳಗೆ ಸೇರಿಸುವ ಹಾಗೇ ಇಲ್ಲ ಅಂತ ಬೇರೆ ಸಭೆ ಕಟ್ಟಿದ. ಕಾರ್ತೇಜಿನ ಬಿಷಪ್ ಸಿಪ್ರಿಯಾನ್, ಆ ಹಿಂಸೆಯಲ್ಲಿ ತಾನೂ ಊರು ಬಿಟ್ಟು ಅಡಗಿದ್ದವನು, ಪಶ್ಚಾತ್ತಾಪದ ಕಾಲ ಮುಗಿಸಿ ಬರಲಿ ಅಂದ. ಮುಂದೆ ನಿಕೇಯದಲ್ಲಿ, ಒತ್ತಾಯ ಇಲ್ಲದೆಯೇ ನಂಬಿಕೆ ಬಿಟ್ಟವರಿಗೆ ಮೂರು ವರ್ಷ ವಾಕ್ಯ ಕೇಳುವವರ ಸಾಲು, ಏಳು ವರ್ಷ ಮೊಣಕಾಲೂರುವವರ ಸಾಲು, ಎರಡು ವರ್ಷ ಭೋಜನವಿಲ್ಲದೆ ಪ್ರಾರ್ಥನೆ ಮಾತ್ರ ಅಂತ ಒಟ್ಟು 12 ವರ್ಷ ಇಟ್ಟರು. ನಮಗೆ ಇದು ಕ್ರೂರ ಅನ್ನಿಸುತ್ತದೆ. ಆದರೆ ಆ 12 ವರ್ಷಕ್ಕೆ ಒಂದು ಕೊನೆ ಇತ್ತು. ನೀವು ನಿಮಗೇ ಹಾಕಿಕೊಂಡ ದಂಡನೆಗೆ ಕೊನೆಯ ತಾರೀಕೇ ಇಲ್ಲ.

ತಪ್ಪಿಗೆ ಸಿಕ್ಕಿದವನನ್ನು ಸರಿಮಾಡಿ ಅಂತ ಪೌಲ ಗಲಾತ್ಯ 6ರಲ್ಲಿ ಬರೆಯುತ್ತಾನೆ. ಅಲ್ಲಿರುವ ಗ್ರೀಕ್ ಪದವನ್ನೇ ಮಾರ್ಕ ತನ್ನ ಮೊದಲ ಅಧ್ಯಾಯದಲ್ಲಿ ಯಾಕೋಬ, ಯೋಹಾನರು ದೋಣಿಯಲ್ಲಿ ಬಲೆ ಸರಿಮಾಡುತ್ತಿದ್ದರು ಅನ್ನುವುದಕ್ಕೆ ಹಾಕಿದ್ದಾನೆ. ಕರಾವಳಿಯಲ್ಲಿ ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ರಜೆ. ಆಗ ಮಲ್ಪೆ ಕಡೆ ಹೋಗಿ ನೋಡಿ. ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಎಳೆದು ಹಿಡಿದು, ಒಂದೊಂದೇ ಕಣ್ಣು ಹೆಣೆಯುತ್ತಾ ಕೂತಿರುತ್ತಾರೆ. ಬೈಯುತ್ತಾ ಎಳೆದರೆ ಇನ್ನಷ್ಟು ಹರಿಯುತ್ತದೆ. ಹರಿದಲ್ಲಿ ಬೇರೆ ಬಣ್ಣದ ದಾರ ಬಿದ್ದಿರುತ್ತದೆ, ದೂರಕ್ಕೂ ಕಾಣುತ್ತದೆ, ಆದರೂ ಆಗಸ್ಟಿನಲ್ಲಿ ಅದೇ ಬಲೆ ನೀರಿಗೆ ಇಳಿಯುತ್ತದೆ. ಪೇತ್ರನೂ ಮುದುಕನಾದ ಮೇಲೆ ಬರೆದ ಮೊದಲ ಪತ್ರದ ಕೊನೆಯಲ್ಲಿ, ದೇವರು ತಾನೇ ನಿಮ್ಮನ್ನು ಸರಿಮಾಡುತ್ತಾನೆ ಅನ್ನುವಾಗ ಇದೇ ಪದ ಹಾಕುತ್ತಾನೆ. ಬಲೆ ಹಿಡಿದ ಕೈ ಅದು. ಅಷ್ಟರೊಳಗೆ ಅವನು ಅಂತಿಯೋಕ್ಯದಲ್ಲಿ ಇನ್ನೊಂದು ಸಲ ಎಡವಿದ್ದ, ಯೆಹೂದ್ಯರು ಏನಂದುಕೊಳ್ಳುತ್ತಾರೋ ಅಂತ ಅನ್ಯಜನರ ಪಂಕ್ತಿಯಿಂದ ಎದ್ದು ಹೋಗಿ, ಪೌಲನ ಕೈಲಿ ಎಲ್ಲರೆದುರು ಹೇಳಿಸಿಕೊಂಡಿದ್ದ. ಸರಿಯಾದವನು ಮತ್ತೆ ಬೀಳುವುದೇ ಇಲ್ಲ ಅಂತ ನಿಮಗೆ ಯಾರಾದರೂ ಹೇಳಿದ್ದರೆ ಗಲಾತ್ಯ 2 ತೋರಿಸಿ.

ಹುಡುಗಿಗೆ ಹೇಳಬೇಕಾ? ಹೇಳಬೇಕು. ನಿಶ್ಚಿತಾರ್ಥಕ್ಕೆ ಮೊದಲು, ನೀವೇ, ಮುಖ ನೋಡಿ. ದಲ್ಲಾಳಿ ಕೈಲಿ ಬೇಡ, ವಾಟ್ಸಾಪಿನಲ್ಲಿ ಬೇಡ. ಎಷ್ಟು ಹಣ, ಯಾವ ಚಟ, ಈಗ ಹೇಗಿದ್ದೀರಿ, ಫೋನಿನಲ್ಲಿ ಏನು ಉಳಿದಿದೆ ಎಲ್ಲ. ಅವಳು ಬೇಡ ಅಂದರೆ ಆ ನೋವು ದೊಡ್ಡದೇ. ಆದರೆ ನಿಮ್ಮದು ಸಣ್ಣ ಊರಿನ ಸಭೆ, ಮದುವೆಗೆ ಮೊದಲು ಮೂರು ಭಾನುವಾರ ನಿಮ್ಮಿಬ್ಬರ ಹೆಸರು ಓದಿ, ಯಾರದಾದರೂ ಆಕ್ಷೇಪಣೆ ಇದೆಯಾ ಅಂತ ಮೂರು ಸಲ ಕೇಳುತ್ತಾರೆ. ಆಗ ಅಕ್ಕಪಕ್ಕದ ಬೆಂಚಿನವರು ಯಾಕೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದಾರೆ ಅನ್ನುವುದು ಅವಳಿಗೆ ಮೊದಲೇ ಗೊತ್ತಿರಲಿ.